ಭೃತ್ಯಭರಣವೂ ಭೃತ್ಯಾನುರಾಗವೂ

ಸ್ವಾಮಿಗೆ ಭೃತ್ಯನು ಹೇಗೆ ನಡೆದುಕೊಳ್ಳಬೇಕೆಂಬ ವಿಷಯದಲ್ಲಿ ನಮ್ಮ ಕಾವ್ಯಗಳೂ ಶಾಸನಗಳೂ ಹೇಳಿರುವಷ್ಟು ಮಾತುಗಳನ್ನು, ಭೃತ್ಯನಿಗೆ ಸ್ವಾಮಿಯು ಹೇಗೆ ನಡೆದುಕೊಳ್ಳಬೇಕೆಂಬ ವಿಷಯದಲ್ಲಿ ಹೇಳಿಲ್ಲವೆಂಬುದು ಸಾಮಾನ್ಯವಾದ ಅಭಿಪ್ರಾಯ. ಜೋಳದ ಪಾಳಿ, ವೇಳೆವಾಳಿ, ಉಪ್ಪಿನ ಋಣ ಮೊದಲಾದ ಮಾತುಗಳು ನಮ್ಮ ನಾಲಗೆಯ ಮೇಲೆ ಇಂದಿಗೂ ನಿಂತಿವೆ. ಕಾರ್ಖಾನೆಗಳ ಒಡೆಯರೂ ಕಾರ್ಯಾಲಯಗಳ ಮುಖ್ಯಾಧಿಕಾರಿಗಳೂ ವಾರ್ಷಿಕೋತ್ಸವಗಳಲ್ಲಿ ಉಪನ್ಯಾಸಮಾಡುವಾಗ ಕರ್ಣನ ಸ್ವಾಮಿಭಕ್ತಿಯನ್ನೂ ಶರಣರ ಕಾಯಕನಿಷ್ಠೆಯನ್ನೂ ಉದಾಹರಿಸದೆ ಬಿಡುವುದಿಲ್ಲ. ಆದರೆ ಆ ಭಕ್ತಿಯು ಯಾವ ಕಾರಣದಿಂದ ಹುಟ್ಟಿತು, ಆ ನಿಷ್ಠೆಯು ಯಾರ ವಶದಲ್ಲಿದ್ದಿತು ಎಂಬುದನ್ನು ವಿಚಾರಿಸುವವರು ವಿರಳ. ಕೆಲಸಗಾರನ ಮನಸ್ಸನ್ನು ಸಂತೋಷದಲ್ಲಿಯೂ ಉತ್ಸಾಹದಲ್ಲಿಯೂ ಇಡುವುದು ಒಡೆಯನ ಕರ್ತವ್ಯವೇ ಹೊರತು ಕೆಲಸಗಾರನ ಸ್ವಭಾವಗುಣವಲ್ಲವೆಂಬುದೇ ನಮ್ಮ ಪ್ರಾಚೀನ ಗ್ರಂಥಗಳ ನಿಜವಾದ ಸಿದ್ಧಾಂತವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಜೊತೆಗೆ, ಆ ಗ್ರಂಥಗಳಲ್ಲಿ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂಬುದನ್ನೂ ಯಥಾಮತಿ ವಿಮರ್ಶಿಸಲಾಗುವುದು.

೧. ಅರ್ಥಶಾಸ್ತ್ರದ ಮತ

ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ ತಾಳೆಯೋಲೆಯ ಪ್ರತಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಮಹಾಮಹೋಪಾಧ್ಯಾಯ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆ ಗ್ರಂಥದ ಐದನೆಯ ಅಧಿಕರಣದಲ್ಲಿ ಭೃತ್ಯಭರಣೀಯವೆಂಬ ಪ್ರಕರಣವೊಂದಿದೆ. ಭರಣವೆಂದರೆ ಹೊರುವುದು, ಪೋಷಿಸುವುದು. ಪ್ರಕರಣದ ಹೆಸರೇ ಭಾರವನ್ನು ಸ್ವಾಮಿಯ ಹೆಗಲಮೇಲೆ ಇಟ್ಟಿರುವುದನ್ನು ಗಮನಿಸಬೇಕು.

ಇಲ್ಲಿ ಮಂತ್ರಿ, ಪುರೋಹಿತ, ಸೇನಾಪತಿ ಮುಂತಾದವರಿಗೆ ೪೮,೦೦೦ ಪಣಗಳೂ, ದೌವಾರಿಕ, ಸಮಾಹರ್ತೃ, ಸನ್ನಿಧಾತೃ ಮುಂತಾದವರಿಗೆ ೨೪,೦೦೦ ಪಣಗಳೂ ವಿಧಿಸಲ್ಪಟ್ಟಿವೆ. ಲೆಕ್ಕಿಗನಿಗೂ ಬರೆಯುವವನಿಗೂ ೫೦೦, ಕಾರುಶಿಲ್ಪಿಗಳಿಗೆ ೧೨೦, ಪ್ರಾಣಿಗಳ ಪರಿಚಾರಕರೇ ಮೊದಲಾದ ಕೆಳಗಿನ ಸೇವಕರಿಗೆ ೬೦ ಪಣಗಳು. ಈ ಪಟ್ಟಿಯನ್ನು ಎಲ್ಲರೂ ಉದಾಹರಿಸುತ್ತಾರೆ. ಪಟ್ಟಿಯೊಡನೆ ಬಂದಿರುವ ಕಾರಣವಾಕ್ಯಗಳನ್ನು ಉದಾಹರಿಸುವವರು ಕಡಮೆ. ಇಷ್ಟು ಕೊಟ್ಟರೆ ಇಂಥವರು ಶತ್ರುಗಳ ಪ್ರಲೋಭನಕ್ಕೆ ಒಳಗಾಗುವುದಿಲ್ಲ, ಕೋಪಗೊಳ್ಳುವುದಿಲ್ಲ ಎಂದು ಆಚಾರ್ಯನು ಮೊದಲನೆಯ ವರ್ಗಕ್ಕೆ ಹೇಳಿ, ಮುಂದಿನ ವರ್ಗಗಳಿಗೂ ಹೀಗೆಯೇ ಒಂದೊಂದು ಪ್ರಯೋಜನವನ್ನು ನಿರ್ದೇಶಿಸಿದ್ದಾನೆ. ಅಂದರೆ ವೇತನವು ದಾನವಲ್ಲ, ಅನುಗ್ರಹವೂ ಅಲ್ಲ. ಇಂಥ ಕಾರ್ಯಕ್ಕೆ ಇಂಥ ಮನಸ್ಥಿತಿ ಬೇಕು, ಆ ಮನಸ್ಥಿತಿಗೆ ಇಷ್ಟು ಬೇಕು ಎಂಬ ಗಣನೆಯಿಂದ ಹುಟ್ಟಿದುದು. ವಿದ್ಯೆಗೂ ಕರ್ಮಕ್ಕೂ ತಕ್ಕಂತೆ ಭಕ್ತವೇತನಗಳಲ್ಲಿ ವಿಶೇಷವನ್ನು ಮಾಡಬೇಕೆಂಬ ವಿಧಿಯೂ ಅಲ್ಲಿಯೇ ಇದೆ. ಭೃತ್ಯರ ವೆಚ್ಚವು ಆದಾಯದ ನಾಲ್ಕನೆಯ ಒಂದು ಪಾಲಿಗೆ ಹೊಂದಿರಬೇಕೆಂದು ಎಲ್ಲೆಯನ್ನು ಹಾಕಿದರೂ, ಕಾರ್ಯವನ್ನು ಸಾಧಿಸಬಲ್ಲ ಭೃತ್ಯರು ದೊರೆಯುವಂತಿರಬೇಕೆಂಬ ವಿಕಲ್ಪವನ್ನೂ ಸೇರಿಸಿದ್ದಾನೆ. ಬೊಕ್ಕಸದಲ್ಲಿ ಹಣ ಕಡಮೆಯಾದರೆ ಅರಣ್ಯದ ಉತ್ಪತ್ತಿ, ಪಶು, ಹೊಲಗಳನ್ನು ಕೊಟ್ಟು ಸ್ವಲ್ಪ ಹಣವನ್ನು ಕೊಡಬಹುದೆಂದಿದ್ದಾನೆಯೇ ಹೊರತು, ಬೊಕ್ಕಸ ಬರಿದಾಯಿತೆಂದು ಭೃತ್ಯನನ್ನು ಕಾಯಿಸಬಹುದೆಂದು ಹೇಳಿಲ್ಲ.

ಕೆಲಸದಲ್ಲಿ ಸತ್ತವರ ಹೆಂಡಿರು ಮಕ್ಕಳು ಭಕ್ತವೇತನವನ್ನು ಪಡೆಯಬೇಕು. ಅವರ ಮನೆಯ ಬಾಲರು, ವೃದ್ಧರು, ವ್ಯಾಧಿತರು ಅನುಗ್ರಹಕ್ಕೆ ಪಾತ್ರರು. ಮನೆಯಲ್ಲಿ ಮರಣ, ರೋಗ, ಹೆರಿಗೆ ಸಂಭವಿಸಿದಾಗ ಧನದಿಂದ ಸತ್ಕರಿಸಬೇಕು. ಭೃತ್ಯನ ಮನೆಯು ಭೃತ್ಯನಿಂದ ಬೇರೆಯಲ್ಲ ಎಂಬ ತಿಳಿವಳಿಕೆಯು ಈ ಸಣ್ಣ ಸೂತ್ರಗಳಲ್ಲಿ ಅಡಗಿದೆ.

ಎರಡನೆಯ ಅಧಿಕರಣದ ಸೂತ್ರಾಧ್ಯಕ್ಷ ಪ್ರಕರಣವು ಇನ್ನೂ ಸ್ವಾರಸ್ಯವಾದುದು. ನೂಲುವ ಹೆಂಗಸರಿಗೆ ನೂಲಿನ ನಯವನ್ನೂ ಒರಟುತನವನ್ನೂ ಪ್ರಮಾಣವನ್ನೂ ನೋಡಿ ವೇತನವನ್ನು ಗೊತ್ತುಮಾಡಬೇಕು. ಪ್ರಮಾಣವನ್ನರಿತು ಎಣ್ಣೆ, ನೆಲ್ಲಿ, ಮೈಗೆ ಪೂಸುವ ದ್ರವ್ಯಗಳಿಂದ ಅವರನ್ನು ಅನುಗ್ರಹಿಸಬೇಕು. ಹಬ್ಬದ ದಿನಗಳಲ್ಲಿ ಕೆಲಸಮಾಡಿಸುವುದಾದರೆ ದಾನಮಾನಗಳಿಂದ ಮಾಡಿಸಬೇಕು. ಮನೆಯಿಂದ ಹೊರಡದ ಸ್ತ್ರೀಯರಿಗೆ ದಾಸಿಯರ ಮೂಲಕ ಮರ್ಯಾದೆಯಿಂದ ಕೆಲಸವನ್ನು ಕಳುಹಿಸಬೇಕು. ನೂಲನ್ನು ತಂದೊಪ್ಪಿಸುವ ಸ್ತ್ರೀಯ ಮುಖವನ್ನು ದಿಟ್ಟಿಸಿದ ಅಥವಾ ಬೇರೆ ಮಾತನ್ನೆತ್ತಿದ ಅಧಿಕಾರಿಗೆ ಪೂರ್ವಸಾಹಸದಂಡ. ವೇತನದ ಕಾಲವನ್ನು ಮೀರಿದರೆ ಮಧ್ಯಮಸಾಹಸದಂಡ. ಎರಡನೆಯ ಅಪರಾಧಕ್ಕೆ ದಂಡವು ಮೊದಲನೆಯದಕ್ಕಿಂತ ಹೆಚ್ಚೆಂಬುದನ್ನು ಓದುಗರು ಲಕ್ಷಿಸಬೇಕು. ಸಂಬಳವನ್ನು ತಡಮಾಡುವುದು ಆಚಾರ್ಯನ ದೃಷ್ಟಿಯಲ್ಲಿ ಅಜಾಗ್ರತೆಯಲ್ಲ, ಸಾಹಸ.

ಮೂರನೆಯ ಅಧಿಕರಣದಲ್ಲಿಯೂ ಕರ್ಮಕರನಿಗೆ ವೇತನವನ್ನು ಕೊಡದ ಒಡೆಯನಿಗೆ ಹತ್ತರಲ್ಲೊಂದು ಪಾಲು ಅಥವಾ ಆರು ಪಣ, ಕೊಡಬೇಕಾದುದನ್ನು ಇಲ್ಲವೆಂದು ಅಲ್ಲಗಳೆದವನಿಗೆ ಐದರಲ್ಲೊಂದು ಪಾಲು ಅಥವಾ ಹನ್ನೆರಡು ಪಣ ದಂಡವೆಂದಿದೆ. ವೇತನವನ್ನು ಪಡೆದು ಕೆಲಸಮಾಡದ ಭೃತ್ಯನಿಗೂ ದಂಡವುಂಟು; ಆದರೆ ಅಶಕ್ತನೂ ವ್ಯಾಧಿತನೂ ವಿಪತ್ತಿನಲ್ಲಿರುವವನೂ ಕುತ್ಸಿತವಾದ ಕೆಲಸಕ್ಕೆ ಹಚ್ಚಲ್ಪಟ್ಟವನೂ ವಿನಾಯಿತಿಯನ್ನು ಪಡೆಯಬಹುದು ಅಥವಾ ಮತ್ತೊಬ್ಬರಿಂದ ಅದನ್ನು ಮಾಡಿಸಬಹುದು. ಧರ್ಮವು ಇಲ್ಲಿ ಉಭಯಪಕ್ಷದಲ್ಲಿಯೂ ನಿಂತಿದೆ.

ಹಾಗಾದರೆ ವೇತನವೊಂದೇ ಸಾಕೆ? ಸಾಲದೆಂಬುದಕ್ಕೆ ಮೊದಲನೆಯ ಅಧಿಕರಣವೇ ಪ್ರಮಾಣ. ಸ್ವಾಮಿಯನ್ನು ಬಿಟ್ಟು ಪರಪಕ್ಷಕ್ಕೆ ಹೋಗಲು ಸಿದ್ಧರಾದವರನ್ನು ಕ್ರುದ್ಧರು, ಭೀತರು, ಲುಬ್ಧರು, ಮಾನಿಗಳು ಎಂದು ವಿಭಾಗಿಸಿ, ಕ್ರುದ್ಧವರ್ಗದ ಮೊದಲಿಗೇ ಮೂವರನ್ನು ಹೇಳಿದ್ದಾನೆ: ಕೊಡುವೆನೆಂದು ಮಾತುಕೊಟ್ಟು ವಂಚಿಸಲ್ಪಟ್ಟವನು, ಶಿಲ್ಪದಲ್ಲಿ ಅಥವಾ ಉಪಕಾರದಲ್ಲಿ ಸಮಾನರಾದ ಇಬ್ಬರಲ್ಲಿ ಅವಮಾನಿಸಲ್ಪಟ್ಟವನು, ಸ್ವಾಮಿಯ ಮುದ್ದಿನವನಿಂದ ತಡೆಯಲ್ಪಟ್ಟವನು. ಇವರಲ್ಲಿ ಯಾರೂ ಹಸಿದವರೆಂದು ಹೇಳಿಲ್ಲ. ಮಾತಿಗೆ ತಪ್ಪಿದುದು, ಸಮಾನರಲ್ಲಿ ಭೇದ, ಪಕ್ಷಪಾತ, ಈ ಮೂರು ಬೇನೆಗಳಿಗೆ ಪಣದಿಂದ ಚಿಕಿತ್ಸೆಯಿಲ್ಲ.

೨. ಅರ್ಥಶಾಸ್ತ್ರದ ದೋಷಗಳು

ಗ್ರಂಥವು ಪ್ರಾಚೀನವೆಂಬ ಮಾತ್ರದಿಂದ ಪೂರ್ಣವಾಗಿ ಗ್ರಾಹ್ಯವೆಂದು ಹೇಳಲಾಗದು. ಮೊದಲನೆಯದಾಗಿ, ಕೌಟಿಲ್ಯನ ಕಾರುಣ್ಯವು ಸ್ವಾಮಿಯ ಕ್ಷೇಮದ ಅಂಗ. ಭೃತ್ಯನು ಸುಖಿಯಾಗಿರಬೇಕಾದುದು ಭೃತ್ಯನಿಗೋಸ್ಕರವಲ್ಲ, ಅವನು ಕೈಮೀರಿ ಹೋಗದಿರಲೆಂದು. ಎರಡನೆಯದಾಗಿ, ಮೇಲಿನವನಿಗೂ ಕೆಳಗಿನವನಿಗೂ ಇರುವ ಅಂತರ. ೪೮,೦೦೦ಕ್ಕೂ ೬೦ಕ್ಕೂ ಎಂಟುನೂರು ಪಟ್ಟಿನ ಭೇದವಿದೆ. ಸೀತಾಧ್ಯಕ್ಷ ಪ್ರಕರಣದಲ್ಲಿ ತೋಟಕಾಯುವವನಿಗೂ ಗೋವಳನಿಗೂ ದಾಸಕರ್ಮಕರರಿಗೂ ಊಟವಲ್ಲದೆ ತಿಂಗಳಿಗೆ ಒಂದೂಕಾಲು ಪಣವೆಂದಿದೆ. ಮೇಲಿನ ಪಟ್ಟಿಯನ್ನು ವಾರ್ಷಿಕವೆಂದು ಹಿಡಿದರೆ, ಹೊಲದ ಆಳಿಗೆ ಊಟದ ಹೊರತು ವರ್ಷಕ್ಕೆ ಹದಿನೈದು ಪಣ. ಮಂತ್ರಿಯ ವೇತನವು ಅದರ ಮೂರುಸಾವಿರದ ಇನ್ನೂರು ಪಟ್ಟು. ನಮ್ಮ ಪೂರ್ವಿಕರು ಕಾರ್ಮಿಕಹಿತದಲ್ಲಿ ಲೋಕಕ್ಕೆ ಗುರುಗಳಾಗಿದ್ದರೆಂದು ಘೋಷಿಸುವವರು ಈ ಅಂಕಿಗಳನ್ನೂ ಜೊತೆಯಲ್ಲಿ ಓದಬೇಕು. ಶಾಸ್ತ್ರವು ತೋರಿಸಿದ ವಿಧಾನವು ಉತ್ತಮವಾಗಿದ್ದರೂ ಅದರ ತಕ್ಕಡಿಯು ಮೇಲಿನವರ ಕಡೆಗೆ ವಾಲಿದೆ.

೩. ಮಹಾಕಾವ್ಯಗಳ ಪ್ರಶ್ನೆಗಳು

ಅಯೋಧ್ಯಾಕಾಂಡದ ನೂರನೆಯ ಸರ್ಗದಲ್ಲಿ ಶ್ರೀರಾಮನು ಚಿತ್ರಕೂಟಕ್ಕೆ ಬಂದ ಭರತನನ್ನು ರಾಜ್ಯಭಾರದ ವಿಷಯವಾಗಿ ಪ್ರಶ್ನಿಸುತ್ತಾನೆ. ತಂದೆಯ ಮರಣವಾರ್ತೆಯನ್ನೂ ತಿಳಿಯದ ಆ ಸಂದರ್ಭದಲ್ಲಿ ಅವನು ಕೇಳುವ ಪ್ರಶ್ನೆಗಳಲ್ಲಿ ಒಂದು, ಸೈನಿಕರಿಗೆ ಉಚಿತವಾದ ಭಕ್ತವೇತನಗಳನ್ನು ಸಕಾಲದಲ್ಲಿ ವಿಳಂಬವಿಲ್ಲದೆ ಕೊಡುತ್ತಿರುವೆಯಾ ಎಂಬುದು. ಕಾಲವು ಮೀರಿದರೆ ಭೃತ್ಯರು ಒಡೆಯನ ಮೇಲೆಯೇ ಮುನಿಯುವರು, ಅದು ಮಹತ್ತಾದ ಅನರ್ಥವೆಂದು ಕಾರಣವನ್ನೂ ಕೊಡುತ್ತಾನೆ. ಸಭಾಪರ್ವದ ಐದನೆಯ ಅಧ್ಯಾಯದಲ್ಲಿ ನಾರದನು ಧರ್ಮರಾಯನನ್ನು ಇದೇ ರೀತಿಯಲ್ಲಿ ಕೇಳಿ, ನಿನಗೋಸ್ಕರ ಮಡಿದವರ ಮತ್ತು ಕಷ್ಟಕ್ಕೆ ಸಿಕ್ಕಿದವರ ಹೆಂಡಿರನ್ನು ಪೋಷಿಸುತ್ತಿರುವೆಯಾ ಎಂಬುದನ್ನೂ ಸೇರಿಸಿದ್ದಾನೆ. ನಮ್ಮ ಕುಮಾರವ್ಯಾಸನೂ ನಾರದನ ಪ್ರಶ್ನಾವಳಿಯನ್ನು ಬಿಡದೆ ಕನ್ನಡಕ್ಕೆ ತಂದಿದ್ದಾನೆ. ಧರ್ಮದ ಪರೀಕ್ಷೆಯು ಯಾಗದ ಲೆಕ್ಕದಿಂದಲ್ಲ, ಸಂಬಳದ ದಿನದಿಂದ ಆರಂಭವಾಗುವುದೆಂದು ಋಷಿಗಳಿಗೆ ತಿಳಿದಿದ್ದಿತು. ಭಾರತದಲ್ಲಿ ೧೯೩೬ರ ವೇತನಸಂದಾಯದ ಕಾಯಿದೆಯು ಸಾವಿರಕ್ಕಿಂತ ಕಡಮೆ ಜನರಿರುವ ಕಾರ್ಖಾನೆಗಳಲ್ಲಿ ಅವಧಿ ಮುಗಿದ ಏಳನೆಯ ದಿನದೊಳಗೆ ಸಂಬಳ ಸಲ್ಲಬೇಕೆಂದು ಗೊತ್ತುಮಾಡಿದಾಗ, ಈ ಹಳೆಯ ಪ್ರಶ್ನೆಗೇ ಹೊಸ ದಂಡಬಲವು ದೊರೆಯಿತೆನ್ನಬಹುದು.

೪. ಒಬ್ಬನೇ ಒಡೆಯ, ಎರಡು ಬಗೆಯ ಸೇವಕರು

ಈಗ ಪ್ರಕೃತ ವಿಷಯದ ಮರ್ಮಕ್ಕೆ ಬರೋಣ. ದುರ್ಯೋಧನನ ಪಕ್ಷದಲ್ಲಿ ಭೀಷ್ಮನೂ ದ್ರೋಣನೂ ಶಲ್ಯನೂ ಕರ್ಣನೂ ಕಾದಿದರು. ಒಡೆಯನೊಬ್ಬನೇ; ಸೇವೆಯು ಮಾತ್ರ ಒಂದೇ ಬಗೆಯದಾಗಲಿಲ್ಲ.

ವ್ಯಾಸಭಾರತದ ಭೀಷ್ಮಪರ್ವದಲ್ಲಿ ಯುದ್ಧಾರಂಭಕ್ಕೆ ಮುನ್ನ ಧರ್ಮರಾಯನು ಆಯುಧವನ್ನು ಕೆಳಗಿಟ್ಟು ಕಾಲ್ನಡೆಯಿಂದ ಗುರುಹಿರಿಯರ ಬಳಿಗೆ ಹೋಗುತ್ತಾನೆ. ಭೀಷ್ಮನೂ ದ್ರೋಣನೂ ತಾವು ಅರ್ಥದಿಂದ ಕೌರವರಿಗೆ ಬದ್ಧರಾದವರೆಂದು ಲಜ್ಜೆಯಿಂದ ಒಪ್ಪಿಕೊಂಡು, ಜಯವು ನಿನಗಾಗಲೆಂದು ಅವನನ್ನೇ ಹರಸುತ್ತಾರೆ. ದ್ರೋಣನಂತೂ ತನ್ನನ್ನು ಕೊಲ್ಲುವ ಉಪಾಯವನ್ನೇ ಸೂಚಿಸುತ್ತಾನೆ. ಶಲ್ಯನ ಕಥೆಯು ಇನ್ನೂ ವಿಚಿತ್ರ. ಪಾಂಡವರ ಬಳಿಗೆ ಹೊರಟವನನ್ನು ದುರ್ಯೋಧನನು ದಾರಿಯಲ್ಲಿ ಭವನಗಳನ್ನು ಕಟ್ಟಿಸಿ, ಅನ್ನಪಾನಗಳಿಂದ ಸತ್ಕರಿಸಿ, ತಾನಾರೆಂಬುದನ್ನು ಮರೆಮಾಚಿ ವಶಮಾಡಿಕೊಂಡನು. ಹಾಗೆ ದೊರೆತ ಸಾರಥಿಯು ರಣದಲ್ಲಿ ಕುದುರೆಗಳನ್ನು ನಡೆಸಿದನು; ರಥಿಕನಾದ ಕರ್ಣನ ಧೈರ್ಯವನ್ನು ಮಾತುಮಾತಿಗೂ ಕುಂದಿಸಿದನು. ಇವರು ಮೂವರೂ ಕೆಲಸವನ್ನು ಬಿಡಲಿಲ್ಲ, ಗೈರುಹಾಜರಾಗಲಿಲ್ಲ, ಕೊನೆಯವರೆಗೂ ನಿಂತು ಮಡಿದರು. ಆದರೂ ಒಡೆಯನಿಗೆ ದೊರೆತುದು ಇವರ ದೇಹವೇ ಹೊರತು ಮನಸ್ಸಲ್ಲ. ಅರ್ಥವು ಕೊಳ್ಳಬಲ್ಲುದು ಇಷ್ಟನ್ನೇ.

ಕರ್ಣನ ವಿಷಯವು ಬೇರೆ. ಪಂಪನು ತನ್ನ ವಿಕ್ರಮಾರ್ಜುನವಿಜಯದಲ್ಲಿ ಕೃಷ್ಣನಿಂದ ಜನ್ಮರಹಸ್ಯವನ್ನು ತಿಳಿದ ಕರ್ಣನಿಂದ ಆಡಿಸುವ ಉತ್ತರವನ್ನು ಸಹೃದಯರು ನೆನೆಯಬೇಕು. ರಾಜ್ಯವೇ ಕೈಗೆ ಬರುವಂತಿರುವಾಗ ಅವನು ದುರ್ಯೋಧನನನ್ನು ಬಿಡಲಾರೆನೆನ್ನುವುದಕ್ಕೆ ಕೊಡುವ ಕಾರಣವು ಅಂಗರಾಜ್ಯದ ಆದಾಯವಲ್ಲ; ನೆತ್ತದ ಆಟದ ಒಂದು ಪ್ರಸಂಗ. ಭಾನುಮತಿಯೊಡನೆ ಪಗಡೆಯಾಡುವಾಗ ಪಣವನ್ನು ಕುರಿತ ಚೇಷ್ಟೆಯಲ್ಲಿ ಮುತ್ತಿನ ಹಾರವು ಹರಿದು ಚೆಲ್ಲಿತು. ಅಲ್ಲಿದ್ದ ಅರಸನು ಲೇಶವೂ ಸಂದೇಹಪಡದೆ, ಮುತ್ತುಗಳನ್ನು ಆಯ್ದುಕೊಡಲೇ ಎಂದನು. ಆ ಪದ್ಯದಲ್ಲಿ ಸೋತವರಾರು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಚರ್ಚೆಯುಂಟು. ನಮ್ಮ ವಿಚಾರಕ್ಕೆ ಆ ಚರ್ಚೆಯು ಬೇಕಾಗಿಲ್ಲ. ಅಂಥ ಅರಸನನ್ನು ಬಿಟ್ಟು ಬಂದರೆ ತಾನು ಹೀನನಾಗುವೆನೆಂಬುದು ಕರ್ಣನ ಮಾತಿನ ಸಾರ. ವಿಶ್ವಾಸವನ್ನು ಪಡೆದವನು ವಿಶ್ವಾಸವನ್ನೇ ತಿರುಗಿ ಕೊಟ್ಟನು. ಇದಕ್ಕೂ ಹಿಂದೆ, ಅಸ್ತ್ರವಿದ್ಯೆಯ ಪ್ರದರ್ಶನದಲ್ಲಿ ಎಲ್ಲರೂ ಕುಲವನ್ನು ಕೇಳಿದಾಗ ಗುಣವನ್ನು ಕಂಡವನೂ ಅದೇ ಅರಸನಲ್ಲವೆ? ಅಂಗರಾಜ್ಯವು ಅಂದು ವೇತನವಾಗಿ ಬರಲಿಲ್ಲ. ಅವಮಾನದ ಕ್ಷಣದಲ್ಲಿ ಮಾನವಾಗಿ ಬಂದಿತು.

ಆದಕಾರಣ ಕರ್ಣನನ್ನು ಉಪ್ಪಿನ ಋಣಕ್ಕೆ ದೃಷ್ಟಾಂತವಾಗಿ ಹೇಳುವುದು ಕಾವ್ಯಾರ್ಥಕ್ಕೆ ವಿರುದ್ಧವೆಂದೇ ನಮ್ಮ ಅಭಿಪ್ರಾಯ. ಉಪ್ಪಿನ ಋಣಕ್ಕೆ ದೃಷ್ಟಾಂತರು ಭೀಷ್ಮದ್ರೋಣರು. ಅದರ ಫಲವನ್ನು ಕುರುಕ್ಷೇತ್ರವೇ ತೋರಿಸಿತು. ತನ್ನ ಸೇವಕರಲ್ಲಿ ಕರ್ಣನನ್ನು ಕಾಣಬಯಸುವ ಒಡೆಯನು ಮೊದಲು ತಾನು ಮುತ್ತನ್ನು ಆಯಲು ಬಾಗಬಲ್ಲೆನೇ ಎಂದು ಕೇಳಿಕೊಳ್ಳಬೇಕು.

ಇಲ್ಲಿ ಒಂದು ಪೂರ್ವಪಕ್ಷವುಂಟು: ದುರ್ಯೋಧನನು ಅಧರ್ಮಿ, ಅವನಿಂದ ನೀತಿಯನ್ನು ಕಲಿಯಬಹುದೆ? ಉತ್ತರ: ಉಪಾಯವು ಪ್ರಬಲವಾದುದರಿಂದಲೇ ಅದನ್ನು ಬಳಸುವವನ ಹೊಣೆಯು ದೊಡ್ಡದು. ಮನಸ್ಸನ್ನು ಗೆದ್ದ ಒಡೆಯನು ಸೇವಕನನ್ನು ಅಧರ್ಮಕ್ಕೂ ಎಳೆದೊಯ್ಯಬಲ್ಲನು; ಕರ್ಣನ ದುರಂತವು ಅದೇ. ಅನುರಾಗವನ್ನು ಸಂಪಾದಿಸಿದವನು ಅದನ್ನು ಧರ್ಮಕಾರ್ಯದಲ್ಲಿ ಮಾತ್ರ ವ್ಯಯಮಾಡಬೇಕೆಂಬುದು ಇಲ್ಲಿ ಸಿದ್ಧವಾಗುವ ನೀತಿ.

೫. ಅಲಕ್ಷ್ಯದ ಫಲ

ಪಂಚತಂತ್ರದ ಮೊದಲನೆಯ ಕಥೆಯನ್ನು ನರಿಯ ಕುಟಿಲತನದ ಕಥೆಯೆಂದು ಮಕ್ಕಳಿಗೆ ಹೇಳುವೆವು. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ವಸುಭಾಗಭಟ್ಟನ ಸಂಪ್ರದಾಯವನ್ನನುಸರಿಸಿ ಕನ್ನಡಕ್ಕೆ ತಂದ ಚಂಪುವಿನಲ್ಲಿಯೂ ಭೇದಪ್ರಕರಣವೇ ಮೊದಲನೆಯದು. ಆ ಕಥೆಯನ್ನು ಒಡೆಯನ ದೃಷ್ಟಿಯಿಂದ ಓದಿದರೆ ಬೇರೊಂದು ಅರ್ಥವು ಹೊಳೆಯುವುದು. ಸಂಸ್ಕೃತ ಪಾಠಗಳಲ್ಲಿ ಕರಟಕದಮನಕರು ಮಂತ್ರಿಪುತ್ರರು, ಅಧಿಕಾರವನ್ನು ಕಳೆದುಕೊಂಡು ಸಿಂಹದ ಹಿಂದೆ ಅಲೆಯುತ್ತಿದ್ದವರು. ಸಿಂಹಕ್ಕೆ ಹೊಸದಾಗಿ ಬಂದ ಎತ್ತಿನಲ್ಲಿ ಸ್ನೇಹವು ಬೆಳೆಯಿತು, ಅದರೊಡನೆ ಸಲ್ಲಾಪದಲ್ಲಿ ಮುಳುಗಿ ಬೇಟೆಯನ್ನೇ ಮರೆಯಿತು, ಪರಿವಾರವು ಹಸಿಯಿತು. ಪಿಂಗಳಕನು ಕೆಟ್ಟ ಒಡೆಯನಲ್ಲ, ಯಾರನ್ನೂ ಹಿಂಸಿಸಲಿಲ್ಲ. ಹಳಬರನ್ನು ನೋಡುವುದನ್ನು ಬಿಟ್ಟನು, ಅಷ್ಟೆ. ಕೌಟಿಲ್ಯನು ಹೇಳಿದ ಅವಮಾನಿತನೂ ಮುದ್ದಿನವನಿಂದ ತಡೆಯಲ್ಪಟ್ಟವನೂ ಇಲ್ಲಿ ಕಥಾರೂಪವನ್ನು ತಾಳಿದ್ದಾರೆ. ದಮನಕನ ಅಪರಾಧವು ಕ್ಷಮಾರ್ಹವಲ್ಲ. ಆದರೆ ಬೀಜವು ದಮನಕನದಾದರೂ ನೆಲವನ್ನು ಹದಮಾಡಿದವನು ಪಿಂಗಳಕನೇ.

೬. ಶಾಸನಗಳ ಸಾಕ್ಷ್ಯ

ಕನ್ನಡನಾಡಿನ ಶಾಸನಗಳು ಈ ವಿಷಯದಲ್ಲಿ ಎರಡು ವಿಧವಾದ ಸಾಕ್ಷ್ಯವನ್ನು ನುಡಿಯುತ್ತವೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ತಕ್ಕೋಲದ ಯುದ್ಧವನ್ನೂ, ಅದರಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದನ್ನೂ ಹೇಳುತ್ತದೆ. ಆ ಯುದ್ಧವು ೯೪೯ರಲ್ಲಿ ನಡೆದುದು. ಬೂತುಗನ ಆಳಾದ ಮಣಲೇರನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ ಬೇಡೆಂದಾಗ, ಅವನು ಬೇಡಿದುದು ಕಾಳಿ ಎಂಬ ಬೇಟೆಯ ನಾಯಿಯನ್ನು. ಕಾಳಿಯು ಹಂದಿಯೊಂದರೊಡನೆ ಹೋರಾಡಿ, ಎರಡೂ ಸತ್ತವು. ನಾಯಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಮಣಲೇರನಿಗೆ ಆತಕೂರು ಹನ್ನೆರಡೂ ಬೆಳ್ವೊಲದ ಕಾಡಿಯೂರೂ ಬಾಳ್ಗಚ್ಚಾಗಿ ದೊರೆತವು. ಈ ಪುರಸ್ಕಾರದ ಸೊಗಸೆಂದರೆ, ಭೃತ್ಯನಿಗೆ ಏನು ಪ್ರಿಯವೆಂಬುದನ್ನು ಒಡೆಯನು ತಾನೇ ಊಹಿಸಿ ಹೊರಿಸಲಿಲ್ಲ, ಕೇಳಿದನು. ನಾಯಿಯನ್ನು ಬೇಡಿದನೆಂದು ನಾಯಿಯೊಂದನ್ನೇ ಕೊಟ್ಟು ಕಳುಹಿಸಲೂ ಇಲ್ಲ. ಪ್ರೀತಿಗೆ ನಾಯಿ, ಜೀವನಕ್ಕೆ ಊರು. ಮಾನವೂ ಭರಣವೂ ಒಂದರ ಸ್ಥಾನವನ್ನು ಮತ್ತೊಂದು ಆಕ್ರಮಿಸಲಿಲ್ಲ.

ಎರಡನೆಯದು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬ. ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನು ಪತ್ನಿ ಸುಗ್ಗಲದೇವಿಯೊಡನೆಯೂ ಅನುಚರರೊಡನೆಯೂ ಸ್ವಾಮಿಗಾಗಿ ಪ್ರಾಣವನ್ನು ತೆತ್ತುದಕ್ಕೆ ಅದು ಸಾಕ್ಷಿ. ಕಂಬದ ಮೇಲೆ ಕೊರೆದಿರುವ ಕತ್ತಿ ಹಿಡಿದ ಮೂರ್ತಿಗಳನ್ನು ಕಂಡವರ ಎದೆಯು ನಡುಗುವುದು. ಆದರೆ ಈ ಆದರ್ಶವನ್ನು ಇಂದಿನ ಉದ್ಯೋಗಕ್ಕೆ ಹೊಂದಿಸುವುದು ಸರ್ವಥಾ ಅಯುಕ್ತ. ಒಡೆಯನು ಹೋದೊಡನೆ ಸೇವಕನ ಬಾಳೂ ಮುಗಿಯಬೇಕೆಂಬ ಧರ್ಮವು ಪೂಜ್ಯವಾದ ಭಯಾನಕ; ಅನುಕರಣೀಯವಲ್ಲ. ಸೇವಕನ ಬಾಳು ಸೇವೆಗಿಂತ ದೊಡ್ಡದು.

ಕಾಯಕವನ್ನು ಕುರಿತೂ ಒಂದು ಮಾತು. ಶರಣರು ಕಾಯಕಕ್ಕೆ ಕೈಲಾಸದ ಘನತೆಯನ್ನು ಕೊಟ್ಟುದು ನಿಜ. ಆದರೆ ಅವರ ಕಾಯಕವು ತಾವೇ ಆರಿಸಿಕೊಂಡು ತಮ್ಮ ಕೈಯಿಂದ ಮಾಡಿದ ಕಾಯಕ. ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿಯನ್ನು ತಂದಾಗ ಬೇಡವೆಂದು ಹಿಂದಿರುಗಿಸಿದವಳು ಅವನ ಮಡದಿ ಲಕ್ಕಮ್ಮ. ಕೊಡಬೇಕಾದುದನ್ನು ಹಿಡಿದಿಟ್ಟ ಒಡೆಯನಲ್ಲ. ತ್ಯಾಗವು ದುಡಿದವನ ಹಕ್ಕು. ಆ ಹಕ್ಕನ್ನು ದುಡಿಸುವವನು ತನ್ನ ಲೆಕ್ಕದ ಪುಸ್ತಕದಲ್ಲಿ ಉಳಿತಾಯವೆಂದು ಬರೆದುಕೊಳ್ಳುವುದು ಶರಣರ ಮಾತಿಗೆ ಮಾಡುವ ಅಪಚಾರ.

೭. ಶುಕ್ರನೀತಿಯ ವಿಷಯದಲ್ಲಿ ಎಚ್ಚರಿಕೆ

ಭೃತ್ಯಹಿತವನ್ನು ಕುರಿತು ಮಾತನಾಡುವವರು ಶುಕ್ರನೀತಿಯನ್ನು ತಪ್ಪದೆ ಎತ್ತುವರು. ಕಾಲದಿಂದಲೂ ಕಾರ್ಯದಿಂದಲೂ ಎರಡರಿಂದಲೂ ಅಳೆದು ವೇತನವನ್ನು ಗೊತ್ತುಮಾಡುವುದು, ವ್ಯಾಧಿಯಲ್ಲಿ ವೇತನವನ್ನು ಒಮ್ಮೆಲೆ ನಿಲ್ಲಿಸದಿರುವುದು, ವರ್ಷಕ್ಕೊಮ್ಮೆ ಎಂಟನೆಯ ಒಂದು ಪಾಲಿನ ಪಾರಿತೋಷಿಕ, ನಲವತ್ತು ವರ್ಷ ಸೇವಿಸಿದವನಿಗೆ ಸೇವೆಯಿಲ್ಲದೆಯೇ ಅರ್ಧವೇತನ, ಇವೆಲ್ಲ ಅಲ್ಲಿವೆ. ಹೀನವೇತನದ ಭೃತ್ಯರು ಒಡೆಯನು ತಾನೇ ಮಾಡಿಕೊಂಡ ಶತ್ರುಗಳೆಂಬ ಅರ್ಥದ ಮಾತೂ ಇದೆ. ಆದರೆ ಈ ಗ್ರಂಥದ ಕಾಲವು ಸಂಶಯಾಸ್ಪದವಾದುದು. ಲಲ್ಲನ್‌ಜಿ ಗೋಪಾಲರು ೧೯೬೨ರಲ್ಲಿ ಇದು ಹತ್ತೊಂಬತ್ತನೆಯ ಶತಮಾನದ ರಚನೆಯೆಂದು ವಾದಿಸಿದರು. ವಿಶ್ರಾಂತಿವೇತನಾದಿ ನಿಯಮಗಳ ಆಧುನಿಕತೆಯು ಆ ವಾದಕ್ಕೆ ಪುಷ್ಟಿಕೊಡುವಂತಿದೆ. ಆದುದರಿಂದ ಪ್ರಾಚೀನತೆಯ ಹೆಮ್ಮೆಗಾಗಿ ಇದನ್ನು ಸಾಕ್ಷಿಗೆ ಕರೆಯುವುದು ವಿಮರ್ಶಕನಿಗೆ ತಕ್ಕುದಲ್ಲ. ಮಾತು ಹಳೆಯದಲ್ಲದಿದ್ದರೂ ಒಳ್ಳೆಯದಾಗಿದ್ದರೆ ಸ್ವೀಕರಿಸಬಹುದು, ಒಳ್ಳೆಯದಾಗಿದೆಯೆಂದು ಹಳೆಯದೆನ್ನಬಾರದು.

೮. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧಿಸುವ ಅಂಶಗಳು ಎರಡು. ಭರಣವು ಭೃತ್ಯನ ಅಸಮಾಧಾನವನ್ನು ತಡೆಯುವುದು, ಅನುರಾಗವನ್ನು ಹುಟ್ಟಿಸಲಾರದು. ಅನುರಾಗವು ಮಾನದಿಂದಲೂ ವಿಶ್ವಾಸದಿಂದಲೂ ಸಮದೃಷ್ಟಿಯಿಂದಲೂ ಹುಟ್ಟುವುದು. ಆದರೆ ಭರಣವಿಲ್ಲದೆ ನಿಲ್ಲಲಾರದು. ವೇತನವನ್ನು ಕೊಟ್ಟು ಮಾನವನ್ನು ಕೊಡದವನಿಗೆ ಭೀಷ್ಮದ್ರೋಣರು ದೊರೆಯುವರು; ಮಾನದ ಮಾತನ್ನಾಡಿ ವೇತನವನ್ನು ಕೊಡದವನಿಗೆ ಯಾರೂ ಉಳಿಯುವುದಿಲ್ಲ.

ಎರಡನೆಯ ಬಗೆಯವರು ಇಂದು ವಿರಳರಲ್ಲ. ಸಂಸ್ಕೃತ ಪಾಠಶಾಲೆಯೊಂದರಲ್ಲಿ ಅಧ್ಯಾಪಕರಿಗೆ ಮೂರು ತಿಂಗಳ ಸಂಬಳವು ನಿಂತಿದ್ದಾಗಲೇ ಆಡಳಿತದವರು ಸಭೆಯನ್ನು ಕೂಡಿಸಿ, ಅವರಿಗೆ ಶಾಲು ಹೊದಿಸಿ, ಫಲತಾಂಬೂಲವಿತ್ತು, ವಿದ್ಯಾದಾನದ ಮಹಿಮೆಯನ್ನು ಕೊಂಡಾಡಿದುದನ್ನು ಈ ಲೇಖಕನು ಕಣ್ಣಾರೆ ಕಂಡಿದ್ದಾನೆ. ಶಾಲನ್ನು ಹೊದ್ದವರು ಕೈಮುಗಿದರು. ಮುಂದಿನ ವರ್ಷದೊಳಗಾಗಿ ಅವರಲ್ಲಿ ಸಮರ್ಥರಾದವರೆಲ್ಲರೂ ಬೇರೆಡೆಗೆ ಹೋದರು. ಅವರಿಗೆ ಕರ್ಣನ ಕಥೆಯು ತಿಳಿಯದೆ ಇರಲಿಲ್ಲ. ಅದನ್ನು ಪಾಠಹೇಳುತ್ತಿದ್ದವರೇ ಅವರು.

ಭೃತ್ಯಧರ್ಮವನ್ನು ಬೋಧಿಸುವ ಗ್ರಂಥಗಳು ನಮ್ಮಲ್ಲಿ ಸಾಕಷ್ಟಿವೆ. ಸ್ವಾಮಿಧರ್ಮವನ್ನು ಬೋಧಿಸುವ ವಾಕ್ಯಗಳೂ ಅದೇ ಗ್ರಂಥಗಳಲ್ಲಿ ಚದರಿಹೋಗಿವೆ. ಅವುಗಳನ್ನು ಆಯ್ದು ಪೋಣಿಸಿ, ನಮ್ಮ ಶಾಸನಗಳ ಬಾಳ್ಗಚ್ಚು, ಕೊಡಗೆ, ಉಂಬಳಿಗಳ ವಿವರಗಳೊಡನೆ ಹೋಲಿಸಿ ಸಮಗ್ರವಾದ ಅಧ್ಯಯನವನ್ನು ಮಾಡುವುದು ತರುಣ ವಿದ್ವಾಂಸರಿಗೆ ತಕ್ಕ ಕಾರ್ಯ. ಅಲ್ಲಿಯವರೆಗೆ, ಸ್ವಾಮಿಭಕ್ತಿಯ ಪದ್ಯವನ್ನು ಸಭೆಯಲ್ಲಿ ಓದುವ ಒಡೆಯರು ಅದಕ್ಕೆ ಮುಂಚೆ ನಾರದನ ಪ್ರಶ್ನೆಗೆ ಉತ್ತರವನ್ನು ಕೊಡಲಿ: ಸಂದಾಯವಾಗಬೇಕಾದುದು ಸಕಾಲದಲ್ಲಿ ಸಂದಾಯವಾಗಿದೆಯೆ?